ಬ್ಯಾಂಡ್‌ಸೆಟ್ಟಿನ ಕ್ಲಾರಿಯೊನೆಟ್ ಕೇಳಿದ್ದೀರಾ?

ಈ ಅಂಕಣ ಓದುವವರು ನನಗೆ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: ಮಗುವಿಗೆ ಯಾವ ವಾದ್ಯ ಕಲಿಸೋಣ? ಉಳಿದರ್ಧ ಅದರ ಅಣ್ಣನೋ ತಮ್ಮನೋ ಆದ ಇನ್ನೊಂದು ಪ್ರಶ್ನೆ: ನಿಮಗೆ ಯಾವ ವಾದ್ಯ ಇಷ್ಟ ಸಾರ್, ನುಡಿಸುವಾಗ ಹೇಗನ್ನಿಸುತ್ತೆ? ಈಚೆಗೆ ಇದಕ್ಕೊಂದು ಬಾಲವೂ ಸೇರಿಕೊಂಡಿದೆ. ನೂರು ಜನ ಕಪ್ಪು ಕೋಟು ತೊಟ್ಟು ಕೂತು ನುಡಿಸುವ ಸಿಂಫನಿಗಳನ್ನು ಮೊಬೈಲಿನಲ್ಲಿ ನೋಡಿದವರು, ‘ಅಂಥ ವಾದ್ಯಗಳೆಲ್ಲ ನಮ್ಮ ಹಾಸನದ ಕಡೆ ಎಲ್ಲಿ ಬರಬೇಕು ಬಿಡಿ’ ಅನ್ನುತ್ತಾರೆ. ಮೊದಲಿನ ಎರಡು ಪ್ರಶ್ನೆಗೆ ನಿಧಾನವಾಗಿ ಉತ್ತರ ಹೇಳೋಣ. ಈ ಕೊನೇ ಮಾತಿಗೆ ಮಾತ್ರ ನನ್ನ ತಕರಾರಿದೆ.

ನಾನಿರುವುದು ದೊಡ್ಡಗದ್ದವಳ್ಳಿಯಲ್ಲಿ. ಹಾಸನದಿಂದ ಬೇಲೂರಿಗೆ ಹೋಗುವ ಪ್ರವಾಸಿಗರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ನಮ್ಮೂರ ಕಡೆ ತಿರುಗದೆ ನೇರ ಹೋಗಿಬಿಡುತ್ತಾರೆ. ತಿರುಗಿದವರಿಗೆ ಕೆರೆ ಪಕ್ಕದಲ್ಲಿ 1113ರ ಲಕ್ಷ್ಮೀದೇವಿ ಗುಡಿ ಸಿಗುತ್ತದೆ. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ, ವಿಷ್ಣುವರ್ಧನನ ಕಾಲದಲ್ಲಿ ಕಟ್ಟಿಸಿದ್ದು. ಹಳೇಬೀಡಿನ ಗೋಡೆಯ ಹಾಗೆ ಮದ್ದಳೆಯವರು, ತಾಳದವರು, ಕುಣಿಯುವವರು ಗಿಜಿಗುಡುವ ಶಿಲ್ಪಗಳು ಇಲ್ಲಿನ ಹೊರಗೋಡೆಯಲ್ಲಿಲ್ಲ. ಆದರೆ ಒಂದೇ ಸೂರಿನಡಿ ನಾಲ್ಕು ಗರ್ಭಗುಡಿ ಇವೆ: ಲಕ್ಷ್ಮಿ, ಭೂತನಾಥ, ಭೈರವ, ಕಾಳಿ. ಪಾಶ್ಚಾತ್ಯ ವಾದ್ಯವೃಂದ ಅಂದರೇನು ಅಂತ ಮಕ್ಕಳು ಕೇಳಿದಾಗ ನಾನು ಅವರನ್ನು ಈ ಗುಡಿಯೊಳಗೇ ನಿಲ್ಲಿಸಿ ಹೇಳುವುದುಂಟು. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್ ಸೇರಿದ ತಂತಿಮನೆ ಲಕ್ಷ್ಮಿಯದು, ಯಜಮಾನಿಕೆ ಅವಳದ್ದೇ. ಕೊಳಲು, ಓಬೋ, ಕ್ಲಾರಿನೆಟ್, ಬಸೂನ್‌ಗಳ ಮರದ ಸುಷಿರಗಳು ಒಂದು ಮನೆ. ಟ್ರಂಪೆಟ್, ಹಾರ್ನ್, ಟ್ರಾಂಬೋನ್‌ಗಳ ಹಿತ್ತಾಳೆ ಇನ್ನೊಂದು. ಎರಡು ಪಕ್ಕಕ್ಕೆ ಎಲುಬಿನ ಬೇತಾಳಗಳನ್ನು ನಿಲ್ಲಿಸಿಕೊಂಡ ಕಾಳಿಯ ಬಾಗಿಲು ಯಾರದೆಂದು ಹೇಳಬೇಕಾಗಿಲ್ಲ, ನಗಾರಿ ತಾಳಗಳದ್ದು. ಹೋಲಿಕೆ ಎಳೆದು ತಂದದ್ದು ಅನ್ನಿಸಿದರೆ ಬಿಡಿ, ಮಕ್ಕಳಿಗೆ ಮಾತ್ರ ಆಮೇಲೆ ಮರೆಯುವುದಿಲ್ಲ.

ಈ ನಾಲ್ಕು ಮನೆಯ ಯಜಮಾನಿ, ಅಂದರೆ ಪಿಟೀಲು, ನಮ್ಮ ಜಿಲ್ಲೆಗೆ ಹೊಸಬಳೇನಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನ ಕಡೆ ಇಂಗ್ಲಿಷರ ಸಂಗೀತ ಕೇಳಿ, ಕಲಿತು, ಈ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ತಂದವರೆಂದು ಹೇಳುತ್ತಾರೆ. ಅದಾಗಿ ಇನ್ನೂರು ವರ್ಷವೇ ಆಯಿತು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಒಮ್ಮೆ ಹೋಗಿಬನ್ನಿ. ಕಾವೇರಿ ದಂಡೆಯ ಆ ಪುಟ್ಟ ಊರು ಆರ್. ಕೆ. ಶ್ರೀಕಂಠನ್ ಅವರಂಥ ಗಾಯಕರನ್ನು ಮಾತ್ರ ಕೊಡಲಿಲ್ಲ. ಶ್ರೀಕಂಠನ್ ಅವರ ಅಣ್ಣ ಆರ್. ಕೆ. ವೆಂಕಟರಾಮಾಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ಏಳು ತಂತಿಯ ಪಿಟೀಲು ನುಡಿಸುತ್ತಿದ್ದ ಆರ್. ಆರ್. ಕೇಶವಮೂರ್ತಿಯವರೂ ರುದ್ರಪಟ್ಟಣದವರೇ. ಅಲ್ಲೀಗ ಆರ್. ಕೆ. ಪದ್ಮನಾಭ ಅವರು ಕಟ್ಟಿಸಿದ ತಂಬೂರಿಯಾಕಾರದ ಮಂದಿರವೂ ಇದೆ. ಇನ್ನು ಏಳು ತಂತಿಯ ಪಿಟೀಲನ್ನು ರೂಪಿಸಿದ ತಿರುಮಕೂಡಲು ಚೌಡಯ್ಯನವರ ಹೆಸರು ಗೊತ್ತಿಲ್ಲದವರು ಯಾರು? ಮೈಕಿಲ್ಲದ ಕಾಲ, ದೊಡ್ಡ ಸಭೆ, ಹಿಂದೆ ಕೂತವರಿಗೆ ನಾಲ್ಕು ತಂತಿ ಕೇಳಿಸದು. ಅದಕ್ಕೆ ಮೂರು ತಂತಿ ಹೆಚ್ಚಿಗೆ ಕಟ್ಟಿದರು. 1980ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಅವರ ಹೆಸರಿನ ಸಭಾಂಗಣವನ್ನು ಪಿಟೀಲಿನ ಆಕಾರದಲ್ಲೇ ಕಟ್ಟಿದರು. ಒಬ್ಬ ವಾದ್ಯಗಾರನಿಗೆ ಅವನ ವಾದ್ಯವನ್ನೇ ಕಟ್ಟಡ ಮಾಡಿಕೊಟ್ಟ ಊರು ಬೇರೆಲ್ಲಾದರೂ ಇದ್ದರೆ ಹೇಳಿ.

ನಾನು ಕಲಿತದ್ದೂ ಪಿಟೀಲೇ. ಚಕ್ಕಳಮಕ್ಕಳ ಹಾಕಿ ಕೂತು, ವಾದ್ಯದ ತಲೆಯನ್ನು ಬಲಪಾದದ ಮೇಲಿಟ್ಟು, ಬುಡವನ್ನು ಎಡಭುಜಕ್ಕೆ ಒತ್ತಿಕೊಂಡು. ಹೀಗೆ ಎರಡು ಕಡೆ ಆನಿಸಿಟ್ಟರೆ ಎಡಗೈಗೆ ಪಿಟೀಲನ್ನು ಹೊರುವ ಕೆಲಸವೇ ಇರುವುದಿಲ್ಲ, ತಂತಿಯುದ್ದಕ್ಕೂ ಮೇಲಕ್ಕೂ ಕೆಳಕ್ಕೂ ಜಾರಬಹುದು. ತೋಡಿಯ ಗಾಂಧಾರವನ್ನು ತೂಗಬೇಕಾದರೆ ಆ ಸಲೀಸು ಬೇಕೇ ಬೇಕು. ತಂತಿಗಳೂ ಷಡ್ಜ, ಪಂಚಮ, ಷಡ್ಜ, ಪಂಚಮ. ಹಾಡುವವರ ಶ್ರುತಿಗೆ ಕೂಡಿಸಿಕೊಂಡರಾಯಿತು. ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ಒಂದು ಹವ್ಯಾಸಿ ತಂಡದಲ್ಲಿ ಅದೇ ಪಿಟೀಲನ್ನು ಗದ್ದದ ಕೆಳಗಿಟ್ಟು ನುಡಿಸುವ ಪ್ರಸಂಗ ಬಂತು. ಅಲ್ಲಿ ನಾಲ್ಕು ತಂತಿಗೂ ನಾಲ್ಕು ಬೇರೆ ಸ್ವರ. ಒಂದೊಂದರ ನಡುವೆಯೂ ಷಡ್ಜ-ಪಂಚಮದಷ್ಟು ದೂರ. ಶ್ರುತಿ ಕೊಡುವುದು ಓಬೋ, ನಿಮ್ಮ ಗಂಟಲು ಅದಕ್ಕೆ ಹೊಂದುತ್ತದೋ ಇಲ್ಲವೋ ಕೇಳುವವರಿಲ್ಲ. ಕತ್ತು ಎಡಕ್ಕೆ, ಭುಜ ತುಸು ಮೇಲಕ್ಕೆ, ದವಡೆಯ ಕೆಳಗೆ ಕೆಂಪಗೆ ಒತ್ತಿದ ಗುರುತು. ಎಲ್ಲಕ್ಕಿಂತ ಕಷ್ಟವಾದದ್ದು ಬೆರಳನ್ನು ಸುಮ್ಮನಿರಿಸುವುದು. ನನ್ನ ಬೆರಳಿಗೆ ಸ್ವರದಿಂದ ಸ್ವರಕ್ಕೆ ಸವರಿಕೊಂಡು ಹೋಗುವ ಅಭ್ಯಾಸ, ಅಲ್ಲಿ ಬೆರಳು ಸ್ವರದ ಮೇಲೆ ನೇರವಾಗಿ ಬಂದು ನಿಲ್ಲಬೇಕು.

ಪಿಟೀಲಿನ ವಿಷಯದಲ್ಲಿ ಹೊಸದಾಗಿ ಕಲಿಯುವವರಿಗೆ ಯಾರೂ ನೇರವಾಗಿ ಹೇಳದ ಮಾತೊಂದಿದೆ. ಅದರಲ್ಲಿ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ರಿಷಭ ಎಲ್ಲಿದೆ ಅಂತ ವಾದ್ಯ ಹೇಳಿಕೊಡುವುದಿಲ್ಲ, ನಿಮ್ಮ ಕಿವಿಯೇ ಹುಡುಕಬೇಕು. ಕೂದಲೆಳೆ ಜರುಗಿದರೆ ಅಪಸ್ವರ. ಬಲಗೈಯ ಕಮಾನಿನದು ಇನ್ನೊಂದು ಲೋಕ. ಕುದುರೆಯ ಹತ್ತಿರ ಎಳೆದರೆ ಕರ್ಕಶ, ಬೆರಳುಪಟ್ಟಿಯ ಮೇಲೆ ಎಳೆದರೆ ಬರೀ ಗಾಳಿ, ಎರಡರ ನಡುವೆ ಎಲ್ಲೋ ನಾದವಿದೆ. ರೋಸಿನ್ ಕಡಿಮೆಯಾದರೆ ಕಮಾನಿನ ಕುದುರೆಕೂದಲು ತಂತಿಯನ್ನು ಹಿಡಿಯುವುದೇ ಇಲ್ಲ, ಹೆಚ್ಚಾದರೆ ಬಿಳಿಪುಡಿ ಉದುರಿ ಕಿರುಗುಟ್ಟುತ್ತದೆ. ಮೊದಲ ವರ್ಷ ಸರಳೆ ಜಂಟಿ ನುಡಿಸುವಾಗ ಮನೆಯವರು ‘ಪಿಟೀಲು ಕುಯ್ಯೋದು ಸಾಕು ಮಾಡು’ ಅನ್ನುತ್ತಾರಲ್ಲ, ಅವರ ತಪ್ಪೇನೂ ಇಲ್ಲ. ಆದರೆ ಒಂದು ದಿನ ಷಡ್ಜ ಸರಿಯಾದ ಜಾಗದಲ್ಲಿ ಕೂತಾಗ ಮುಟ್ಟದ ಪಕ್ಕದ ತಂತಿಯೂ ತಾನಾಗಿ ಅದಕ್ಕೆ ಓಗೊಡುತ್ತದೆ. ಭುಜದ ಎಲುಬಿನ ಮೂಲಕ ಆ ಕಂಪನ ಒಳಗಿಳಿಯುತ್ತದೆ. ಆ ಸುಖ ನುಡಿಸುವವನಿಗೆ ಮಾತ್ರ, ಎದುರು ಕೂತವರಿಗಿಲ್ಲ.

ವಾದ್ಯವೃಂದದಲ್ಲಿ ನನಗೆ ಸಿಕ್ಕಿದ್ದು ಎರಡನೇ ಪಿಟೀಲಿನ ಸಾಲು. ಮೊಟ್ಸಾರ್ಟ್ 1787ರಲ್ಲಿ ಬರೆದ, ಬರೀ ತಂತಿವಾದ್ಯಗಳ ಒಂದು ಪ್ರಸಿದ್ಧ ರಚನೆಯಿದೆ, ‘ಐನ ಕ್ಲೈನ ನಾಖ್ಟ್‌ಮ್ಯೂಸಿಕ್’. ಅದರ ಧಾಟಿ ಕೇಳಿದರೆ ಎಲ್ಲರೂ ಗುರುತು ಹಿಡಿಯುತ್ತಾರೆ. ಆ ಧಾಟಿ ನುಡಿಸುವುದು ಮೊದಲನೇ ಪಿಟೀಲಿನವರು. ನಾವು ಎರಡನೆಯವರು ಎಷ್ಟೋ ಕಡೆ ಒಂದೇ ಸ್ವರವನ್ನು ಚಿಕ್ಕ ಚಿಕ್ಕ ಕಮಾನಿನಲ್ಲಿ ತಟ್ಟುತ್ತ ಕೂತಿರಬೇಕು. ಮನೆಗೆ ಬಂದು ನನ್ನ ಭಾಗವನ್ನಷ್ಟೇ ನುಡಿಸಿ ತೋರಿಸಿದರೆ ಹೆಂಡತಿಗೆ ಅದು ಯಾವ ಹಾಡೆಂದೇ ಗೊತ್ತಾಗಲಿಲ್ಲ. ಪಕ್ಕವಾದ್ಯದಲ್ಲಿ ಗಾಯಕರ ಹಿಂದೆಯೇ ನೆರಳಿನಂತೆ ಹೋಗಿ, ಅವರು ಬಿಟ್ಟ ಜಾಗದಲ್ಲಿ ನಮ್ಮ ಕಲ್ಪನೆಗೂ ನಾಲ್ಕು ಆವರ್ತ ಸಿಗುತ್ತಿತ್ತು. ಇಲ್ಲಿ ಆ ಸ್ವಾತಂತ್ರ್ಯವಿಲ್ಲ. ಕಮಾನು ಕೂಡ ಎಲ್ಲರದ್ದೂ ಒಟ್ಟಿಗೆ ಕೆಳಕ್ಕೆ, ಒಟ್ಟಿಗೆ ಮೇಲಕ್ಕೆ. ಇಬ್ಬರಿಗೆ ಒಂದು ಸ್ಟ್ಯಾಂಡು. ಒಳಮಗ್ಗುಲಲ್ಲಿ ಕೂತವರು ಹಾಳೆ ತಿರುಗಿಸಬೇಕು, ಅಷ್ಟು ಹೊತ್ತು ಪಕ್ಕದವರು ಇಬ್ಬರ ಪಾಲನ್ನೂ ನುಡಿಸಬೇಕು. ಹಾಗಿದ್ದರೂ ಅದರಲ್ಲೊಂದು ಸುಖವಿತ್ತು ಅಂದರೆ ನಂಬಿ. ನಾವು ಸುಮ್ಮನಾದರೆ ಮೇಲಿನ ಧಾಟಿ ಬರಿಮೈಯಲ್ಲಿ ನಿಂತ ಹಾಗೆ ಕಾಣುತ್ತದೆ. ನಮ್ಮ ದನಿ ಯಾರಿಗೂ ಬೇರೆಯಾಗಿ ಕೇಳಿಸದೆ ಇದ್ದರೇ ನಾವು ಸರಿಯಾಗಿ ನುಡಿಸಿದ್ದೇವೆ ಎಂದರ್ಥ.

ಕಾಯುವುದೂ ಅಲ್ಲಿ ಒಂದು ವಿದ್ಯೆ. ಡ್ವೊರ್ಝಾಕನ ‘ನ್ಯೂ ವರ್ಲ್ಡ್’ ಸಿಂಫನಿ 1893ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ನುಡಿದದ್ದು, ಮುಕ್ಕಾಲು ಗಂಟೆಗೆ ಹತ್ತಿರದ ಕೃತಿ. ಅದರಲ್ಲಿ ಹಿತ್ತಾಳೆ ತಾಳದವನಿಗೆ ಇರುವುದು ಕೊನೆಯ ಭಾಗದಲ್ಲಿ ಒಂದೇ ಒಂದು ಪೆಟ್ಟು. ಅಷ್ಟು ಹೊತ್ತು ಎಣಿಸುತ್ತಾ ಕೂತು ಆ ಒಂದು ಪೆಟ್ಟು ತಪ್ಪಿಸಿದರೆ ಅವನ ರಾತ್ರಿಯೇ ಹಾಳು. ಟ್ರಾಂಬೋನಿನವರದೂ ಹೆಚ್ಚುಕಡಿಮೆ ಇದೇ ಪಾಡು, ಅವರ ಬಗ್ಗೆ ಇನ್ನೊಮ್ಮೆ ಬರೆಯುವೆ.

ಈಗ ಮೈಸೂರಿಗೆ ಬರೋಣ, ಯಾಕೆಂದರೆ ಗಾಳಿವಾದ್ಯಗಳು ನಮ್ಮ ಕಡೆ ಬಂದ ದಾರಿ ಅರಮನೆಯ ಮೂಲಕವೇ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಕೊಳಲು, ಮೃದಂಗದ ಜೊತೆಗೆ ಪಿಯಾನೊ, ಸ್ಯಾಕ್ಸೋಫೋನನ್ನೂ ಬಲ್ಲವರಾಗಿದ್ದರು. ಅರಮನೆಯ ಬ್ಯಾಂಡಿನಲ್ಲಿ ಇಂಗ್ಲಿಷ್ ಸಂಗೀತಕ್ಕೊಂದು ತಂಡ, ಕರ್ನಾಟಕ ಸಂಗೀತಕ್ಕೊಂದು ತಂಡ. ಸಂಸ್ಥಾನ ಹೋದ ಮೇಲೆ ಆ ಪರಂಪರೆ ಪೊಲೀಸ್ ಇಲಾಖೆಯ ಮಡಿಲಿಗೆ ಬಿತ್ತು. ದಸರಾದಲ್ಲಿ ಪೊಲೀಸ್ ಬ್ಯಾಂಡಿನ ಕಾರ್ಯಕ್ರಮ ಕೇಳಿದವರಿಗೆ ಈಗಲೂ ಈ ಎರಡು ಕವಲು ಗೊತ್ತಿರುತ್ತವೆ. ಜಯಚಾಮರಾಜ ಒಡೆಯರ ಕಥೆ ಇನ್ನೂ ಸ್ವಾರಸ್ಯದ್ದು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ 1948ರಲ್ಲಿ ಮೊದಲ ಅಧ್ಯಕ್ಷರು ಅವರೇ. ರಷ್ಯಾದ ಪಿಯಾನೊ ವಿದ್ವಾಂಸ ಮೆಡ್ನರ್ ಮುಪ್ಪಿನಲ್ಲಿ ಲಂಡನ್ನಿನಲ್ಲಿ ಮೂಲೆಗುಂಪಾಗಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ದುಡ್ಡು ಕೊಟ್ಟವರೂ ಅವರೇ. ಮೆಡ್ನರ್ ತನ್ನ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಇದೇ ದೊರೆ ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು.

ಅರಮನೆ ಬ್ಯಾಂಡಿನಿಂದ ನಮಗೆ ಸಿಕ್ಕ ದೊಡ್ಡ ಫಲ ಕದ್ರಿ ಗೋಪಾಲನಾಥ್. ಬಂಟ್ವಾಳದ ಸಜೀಪಮೂಡದ ಹುಡುಗ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ, ಮೈಸೂರಿನಲ್ಲಿ ಅರಮನೆಯ ಬ್ಯಾಂಡಿನವರು ನುಡಿಸಿದ ಸ್ಯಾಕ್ಸೋಫೋನ್ ಕೇಳಿ ಅದಕ್ಕೇ ಮಾರುಹೋದರು. ಆ ವಾದ್ಯವನ್ನು ಪಳಗಿಸಲು ವರ್ಷಗಳೇ ಹಿಡಿದವು. ಯಾಕೆ ಅಷ್ಟು ಕಷ್ಟ? ಕೊಳಲಿನಲ್ಲಿ, ನಾಗಸ್ವರದಲ್ಲಿ ತೂತನ್ನು ಮುಚ್ಚುವುದು ಬೆರಳೇ. ಬೆರಳನ್ನು ಮೆಲ್ಲಗೆ ಜಾರಿಸಿದರೆ ಸ್ವರವೂ ಜಾರುತ್ತದೆ, ಗಮಕ ಹುಟ್ಟುತ್ತದೆ. ಸ್ಯಾಕ್ಸೋಫೋನಿನ ತೂತುಗಳು ಬೆರಳಿಗಿಂತ ಎಷ್ಟೋ ದೊಡ್ಡವು, ಅವನ್ನು ಮುಚ್ಚುವುದು ಕೀಲಿಗಳ ಮೆತ್ತೆ. ಕೀಲಿ ಒಂದೋ ಮುಚ್ಚಿರುತ್ತದೆ, ಇಲ್ಲ ತೆರೆದಿರುತ್ತದೆ. ಗೋಪಾಲನಾಥರು ಕೀಲಿಗಳನ್ನೇ ತಿದ್ದಿಸಿಕೊಂಡರು, ಉಳಿದದ್ದನ್ನು ತುಟಿ ಮತ್ತು ಉಸಿರಿನಲ್ಲಿ ಸಾಧಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪಾಶ್ಚಾತ್ಯ ಬ್ಯಾಂಡಿನ ಒಂದು ವಾದ್ಯ ಕನ್ನಡ ನಾಡಿನ ದಾರಿಯಾಗಿ ಆಲ್ಬರ್ಟ್ ಹಾಲಿಗೆ ಕಲ್ಯಾಣಿಯನ್ನೂ ಹಂಸಧ್ವನಿಯನ್ನೂ ಊದಬಲ್ಲ ವಾದ್ಯವಾಗಿ ಹಿಂತಿರುಗಿತು.

ನನಗೆ ಪಿಟೀಲಿನ ನಂತರ ಪ್ರೀತಿ ಸ್ಯಾಕ್ಸೋಫೋನಲ್ಲ, ಅದರ ಕರಿಮೈಯ ಬಂಧು ಕ್ಲಾರಿನೆಟ್. ನಮ್ಮ ಬ್ಯಾಂಡ್‌ಸೆಟ್ಟಿನವರ ಬಾಯಲ್ಲಿ ಅದು ಕ್ಲಾರಿಯೊನೆಟ್. ಹಾಸನದಲ್ಲಿ ಮದುವೆ, ಗಣಪತಿ, ರಾಜಕೀಯದ ಮೆರವಣಿಗೆ, ಎಲ್ಲಕ್ಕೂ ಊದಿದ ಹಿರಿಯರೊಬ್ಬರು ನನಗೆ ಪರಿಚಯ. ಅವರ ಪೆಟ್ಟಿಗೆ ತೆರೆದರೆ ವಾದ್ಯ ಐದು ತುಂಡಾಗಿ ಮಲಗಿರುತ್ತದೆ: ಬಾಯಿತುಂಡು, ಅದರ ಕೆಳಗಿನ ಗಿಡ್ಡ ಉರುಳೆ, ಮೇಲಿನ ಕೊಳವೆ, ಕೆಳಗಿನ ಕೊಳವೆ, ತುದಿಯ ಗಂಟೆ. ಕೂಡುವ ಜಾಗದ ಬಿರಡೆ ಎಂದೋ ಸವೆದುಹೋಗಿದೆ, ಅಲ್ಲಿಗೆ ದಾರ ಸುತ್ತಿ ಮೇಣ ಸವರಿದ್ದಾರೆ. ಒಂದು ಕೀಲಿಯ ಸ್ಪ್ರಿಂಗು ಮುರಿದಿದೆ, ಆ ಕೆಲಸವನ್ನೀಗ ರಬ್ಬರ್ ಬ್ಯಾಂಡು ಮಾಡುತ್ತಿದೆ. ಮಾತಾಡುತ್ತಾ ಮಾತಾಡುತ್ತಾ ಅವರು ರೀಡನ್ನು ಬಾಯಲ್ಲಿಟ್ಟು ನೆನೆಸುತ್ತಿರುತ್ತಾರೆ. ಜೊಂಡಿನ ಜಾತಿಯ ಒಂದು ಗಿಡದ ಕಡ್ಡಿಯಿಂದ ಕೊಯ್ದ ಪುಟ್ಟ ಸೀಳು ಅದು. ಒಣಗಿದ್ದರೆ ನುಡಿಯುವುದಿಲ್ಲ.

ಅವರು ಕೊಟ್ಟು ‘ಊದಿ ನೋಡಿ ಸಾರ್’ ಅಂದಾಗ ನಾನು ಪಟ್ಟ ಪಾಡನ್ನು ಇಲ್ಲಿ ಹೇಳಲೇಬೇಕು. ಮೇಲಿನ ಹಲ್ಲು ಬಾಯಿತುಂಡಿನ ಮೇಲೆ ಕೂರಬೇಕು. ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಮಡಿಸಿ ರೀಡಿಗೆ ಮೆತ್ತೆಯಂತೆ ಒದಗಿಸಬೇಕು. ತುಟಿಯ ಅಂಚುಗಳಲ್ಲಿ ಗಾಳಿ ಸೋರಬಾರದು, ಕೆನ್ನೆ ಉಬ್ಬಬಾರದು. ಗಟ್ಟಿಯಾಗಿ ಕಚ್ಚಿದರೆ ಸದ್ದೇ ಇಲ್ಲ, ಸಡಿಲಬಿಟ್ಟರೆ ಬಾತುಕೋಳಿ. ನಡುವಿನ ಹದ ಸಿಕ್ಕಾಗ ಕೆಳಸ್ಥಾಯಿಯ ಸ್ವರವೊಂದು ಮರದ ಒಳಗಿನಿಂದಲೇ ಎದ್ದ ಹಾಗೆ ಬಂತು. ಬೆರಳ ತುದಿಗಳ ಕೆಳಗಿನ ತೂತುಗಳಲ್ಲಿ ಗಾಳಿ ನಡುಗುವುದು ಗೊತ್ತಾಗುತ್ತಿತ್ತು. ‘ಊದೋದು ಆಮೇಲೆ, ಮೊದ್ಲು ಬಿಗಿಹಿಡಿಯೋದು ಬಿಡಿ’ ಅಂತ ಅವರು ಪಕ್ಕದಿಂದ ಹೇಳುತ್ತಲೇ ಇದ್ದರು. ಕ್ಲಾರಿನೆಟ್ಟಿನ ಇನ್ನೊಂದು ಸೋಜಿಗ ಕೇಳಿ. ಕೊಳಲಿನಲ್ಲಿ ಅದೇ ಬೆರಳಿಟ್ಟು ಜೋರಾಗಿ ಊದಿದರೆ ಮಧ್ಯ ಷಡ್ಜ ತಾರ ಷಡ್ಜವಾಗುತ್ತದೆ. ಕ್ಲಾರಿನೆಟ್ಟಿನಲ್ಲಿ ಹೆಬ್ಬೆರಳ ಕೀಲಿ ಒತ್ತಿದರೆ ಷಡ್ಜದ ಬೆರಳಿಗೆ ತಾರ ಪಂಚಮ ಹಾರಿಕೊಂಡು ಬರುತ್ತದೆ! ಒಂದು ತುದಿ ರೀಡಿನಿಂದ ಮುಚ್ಚಿದ, ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲದ ಕೊಳವೆಯ ಗುಣ ಅದು. ಸ್ಯಾಕ್ಸೋಫೋನ್ ಬಾಯಿಯಿಂದ ಕೆಳಕ್ಕೆ ಅಗಲವಾಗುತ್ತ ಹೋಗುವುದರಿಂದ ಅಲ್ಲಿ ಕೊಳಲಿನ ಲೆಕ್ಕವೇ ನಡೆಯುತ್ತದೆ. ಆದ್ದರಿಂದ ಕ್ಲಾರಿನೆಟ್ ಕಲಿಯುವವರು ಕೆಳಗಿನ ಸ್ಥಾಯಿಗೆ ಒಂದು, ಮೇಲಿನದಕ್ಕೆ ಇನ್ನೊಂದು ಎಂದು ಎರಡು ಬೆರಳುಲೆಕ್ಕ ಕಲಿಯಬೇಕು. ಆದರೆ ಅದರ ಮುಖ್ಯ ತೂತುಗಳನ್ನು ಮುಚ್ಚುವುದು ಬೆರಳೇ, ಹಾಗಾಗಿ ಜಾರು ಸಿಗುತ್ತದೆ, ಗಮಕ ಸಿಗುತ್ತದೆ. ನಮ್ಮ ಸಂಗೀತಕ್ಕೆ ಅದು ಒಗ್ಗಿದ್ದು ಸುಮ್ಮನೆ ಅಲ್ಲ.

ಈ ಹಿರಿಯರಿಗೆ ಬರಹದ ಸ್ವರಪತ್ರ ಓದಲು ಬರುವುದಿಲ್ಲ. ರಾಜನ್-ನಾಗೇಂದ್ರ ಅವರ ಹಾಡೊಂದನ್ನು ಎರಡು ಸಲ ಕೇಳಿದರೆ ಸಾಕು, ಪಲ್ಲವಿಯ ಜೊತೆಗೆ ನಡುವೆ ಬರುವ ಪಿಟೀಲುಗಳ ತುಂಡನ್ನೂ ಊದಿಬಿಡುತ್ತಾರೆ, ಅದೂ ಬಿಸಿಲಲ್ಲಿ ನಡೆಯುತ್ತಾ, ಹಿಂದೆ ಬಾಸ್ ಡ್ರಮ್ಮು, ಪಕ್ಕದಲ್ಲಿ ಪಟಾಕಿ. ಸಿಂಫನಿಯಲ್ಲಿ ಕೂತು ನುಡಿಸುವ ಯಾರಿಗಾದರೂ ಈ ಪರೀಕ್ಷೆ ಒಡ್ಡಿ ನೋಡಿ. ನನ್ನ ಮಟ್ಟಿಗೆ ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಸುತ್ತ ವಾದ್ಯವೃಂದದ ವಾದ್ಯಗಳನ್ನು ದಿನಗೆಲಸವಾಗಿ ಮಾಡಿಕೊಂಡಿರುವ ಕಲಾವಿದರು ಈ ಬ್ಯಾಂಡ್‌ಸೆಟ್ಟಿನವರೇ. ಡಿಜೆ ಬಂದ ಮೇಲೆ ಅವರ ಮಕ್ಕಳು ಬೇರೆ ದಾರಿ ಹಿಡಿಯುತ್ತಿದ್ದಾರೆ. ಮೂಡಲಪಾಯ ಯಕ್ಷಗಾನದ ಮುಖವೀಣೆಯವರದೂ ಇದೇ ಕಥೆ. ಎರಡು ಪದರದ ಪೀಪಿಯ ಆ ಪುಟ್ಟ ವಾದ್ಯ ಓಬೋಗೆ ದೂರದ ನಂಟ, ಊದುವವರು ಮಾತ್ರ ಬೆರಳೆಣಿಕೆಗೆ ಇಳಿದಿದ್ದಾರೆ.

ಹಾಗಾದರೆ ಮಗುವಿಗೆ ಯಾವ ವಾದ್ಯ? ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕೀಬೋರ್ಡನ್ನು ಮೊದಲು ಕೊಳ್ಳಬೇಡಿ. ಮೊದಲ ದಿನವೇ ಸ್ವರ ಸಿದ್ಧವಾಗಿ ಸಿಗುವ ವಾದ್ಯ ಕಿವಿಗೆ ಏನೂ ಕೆಲಸ ಕೊಡುವುದಿಲ್ಲ, ಬಹಳಷ್ಟು ಮನೆಗಳಲ್ಲಿ ಅದೀಗ ಬೀರುವಿನ ಮೇಲಿದೆ. ಹತ್ತಿರದಲ್ಲಿ ಒಳ್ಳೆಯ ಪಿಟೀಲು ಮೇಷ್ಟ್ರಿದ್ದರೆ ಪಿಟೀಲು ಕಲಿಸಿ. ಮಗುವಿನ ತೋಳಿಗೆ ತಕ್ಕ ಕಾಲು, ಅರ್ಧ, ಮುಕ್ಕಾಲು ಅಳತೆಯ ವಾದ್ಯಗಳು ಸಿಗುತ್ತವೆ; ‘ಬೆಳೆದ ಮೇಲೂ ಆಗುತ್ತೆ’ ಎಂದು ದೊಡ್ಡದನ್ನೇ ತಂದರೆ ಬೆರಳು ಚಾಚಿ ಚಾಚಿ ಶ್ರುತಿ ಕೆಡುತ್ತದೆ. ಮೇಷ್ಟ್ರನ್ನು ಕರೆದುಕೊಂಡು ಹೋಗದೆ ಅಂಗಡಿಗೆ ಕಾಲಿಡಬೇಡಿ, ಆನ್‌ಲೈನಿನಲ್ಲಂತೂ ಬೇಡವೇ ಬೇಡ. ಊರಲ್ಲಿ ಪಿಟೀಲಿಗೆ ಮೇಷ್ಟ್ರಿಲ್ಲದಿದ್ದರೆ ಕ್ಲಾರಿನೆಟ್ ಯೋಚಿಸಿ. ಹಾಲುಹಲ್ಲು ಹೋಗಿ ಮುಂದಿನ ಹಲ್ಲು ಗಟ್ಟಿಯಾಗಿರಬೇಕು, ಬೆರಳು ತೂತು ಮುಚ್ಚುವಷ್ಟು ದಪ್ಪವಾಗಿರಬೇಕು. ಹತ್ತು ಹನ್ನೊಂದು ವರ್ಷದ ಮಗುವಿಗೆ ಸರಿಹೋಗುತ್ತದೆ. ಆಸ್ತಮಾ ಇರುವ ಮಕ್ಕಳಾದರೆ ವೈದ್ಯರನ್ನೊಮ್ಮೆ ಕೇಳಿ. ಕಲಿತ ಮೇಲೆ ಒಂಟಿಯಾಗಿ ಬಿಡಬೇಡಿ, ಇನ್ನೊಬ್ಬರ ಪಕ್ಕ ಕೂತು ನುಡಿಸಲಿ. ಶಾಲೆಯ ಬ್ಯಾಂಡೋ, ಭಜನೆಯ ಗುಂಪೋ, ಏನಾದರೂ ಆದೀತು.

ಇನ್ನೊಂದು ಕೋರಿಕೆ ಇದೆ. ಮುಂದಿನ ಮದುವೆಯಲ್ಲಿ ಊಟದ ಪಂಕ್ತಿಗೆ ಓಡುವ ಮುಂಚೆ ಬ್ಯಾಂಡ್‌ಸೆಟ್ಟಿನ ಕ್ಲಾರಿಯೊನೆಟ್ಟಿನವರ ಹತ್ತಿರ ನಿಂತು ಒಂದು ಹಾಡನ್ನು ಪೂರ್ತಿ ಕೇಳಿ. ಹಿಡಿಸಿದರೆ ಅವರ ನಂಬರು ತೆಗೆದುಕೊಳ್ಳಿ. ವಾರಕ್ಕೆರಡು ದಿನ ಮಗುವಿಗೆ ಹೇಳಿಕೊಡುತ್ತೀರಾ ಅಂತ ಕೇಳಿ, ಅವರು ಒಪ್ಪಿ ಹೇಳಿದ ಫೀಸಿಗೆ ಚೌಕಾಸಿ ಮಾಡಬೇಡಿ.